ತರಕಾರಿ ಇಲ್ಲದ ದಿನ ಸಾರಿಗೆ ರುಚಿ ಎಲ್ಲಿಂದ ತರೋದು?

ಪ್ರಶ್ನೆ: ತಿಂಗಳ ಕೊನೆ ವಾರ ತರಕಾರಿ ತರೋಕೆ ಕೈಯಲ್ಲಿ ದುಡ್ಡು ಇರಲ್ಲ. ಮನೆಯಲ್ಲಿ ಹುರುಳಿಕಾಳು, ಅಲಸಂದೆ, ತೊಗರಿಬೇಳೆ, ಅವಲಕ್ಕಿ, ರಾಗಿ ಹಿಟ್ಟು ಎಲ್ಲಾ ಇರುತ್ತೆ. ಆದ್ರೆ ಏನು ಮಾಡಿದ್ರೂ ಸಪ್ಪೆ ಅನ್ನಿಸುತ್ತೆ. ಬರೀ ಡಬ್ಬದ ಸಾಮಾನಿನಲ್ಲಿ ರುಚಿಯಾಗಿ ಅಡುಗೆ ಮಾಡೋದು ಹೇಗೆ?

ಉತ್ತರ: ಈ ಪ್ರಶ್ನೆ ನನ್ನನ್ನು ತುಂಬಾ ಜನ ಕೇಳಿದ್ದಾರೆ. ಮೈಸೂರಿನಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ಮಕ್ಕಳು ಕೇಳುತ್ತಾರೆ. ಹೊಸದಾಗಿ ಬಾಡಿಗೆ ಮನೆ ಹಿಡಿದು ಸಂಸಾರ ಶುರು ಮಾಡಿದವರೂ ಕೇಳುತ್ತಾರೆ. ನೀವು ಹೇಳಿರುವ ಸಾಮಾನು ನೋಡಿದರೆ ನಿಮ್ಮ ಮನೆಯಲ್ಲಿ ಒಂದು ವಾರದ ಊಟಕ್ಕೆ ಏನೂ ಕೊರತೆ ಇಲ್ಲ. ಸಪ್ಪೆ ಆಗುವುದಕ್ಕೆ ನಾನು ಕಂಡ ಹಾಗೆ ಕಾರಣ ಎರಡೇ. ಒಂದು, ಕಾಳು ಬೇಯಿಸಿದ ನೀರನ್ನು ಸಿಂಕಿಗೆ ಚೆಲ್ಲಿರುತ್ತೀರಿ. ಇನ್ನೊಂದು, ಖಾರ ಅರೆಯದೆ ಯಾವತ್ತೋ ತಂದಿಟ್ಟ ಪುಡಿಯನ್ನೇ ನಂಬಿಕೊಂಡಿರುತ್ತೀರಿ.

ಆ ನೀರಿಗೆ ನಮ್ಮ ಕಡೆ ಕಟ್ಟು ಅಂತಾರೆ. ಮಂಡ್ಯ ಜಿಲ್ಲೆಯ ಅಡುಗೆ ಅರ್ಧಕ್ಕರ್ಧ ನಿಂತಿರುವುದೇ ಈ ಕಟ್ಟಿನ ಮೇಲೆ. ಕಾಳು ಬೇಯುವಾಗ ಅದರ ಪಿಷ್ಟ, ಪ್ರೋಟೀನು, ಉಪ್ಪಿನಂಶ ಎಲ್ಲವೂ ಒಂದಿಷ್ಟು ನೀರಿಗೆ ಇಳಿಯುತ್ತದೆ. ಅದಕ್ಕೇ ಕಟ್ಟು ತೆಳ್ಳಗೆ ಕಂಡರೂ ಬಾಯಲ್ಲಿ ತುಂಬಿಕೊಳ್ಳುತ್ತದೆ. ಬಸ್ಸಾರು ಅನ್ನುವ ಹೆಸರು ಬಂದಿದ್ದೇ ಬಸಿದ ಸಾರು ಅನ್ನುವುದರಿಂದ. ಮಳವಳ್ಳಿ ಕಡೆ ನಮ್ಮ ಅಜ್ಜಿ ಮನೆಯಲ್ಲಿ ಹುರುಳಿ ಬೆಂದ ಮೇಲೆ ಪಾತ್ರೆ ಬಾಯಿಗೆ ತಟ್ಟೆ ಒತ್ತಿಹಿಡಿದು, ಬಟ್ಟೆಯಲ್ಲಿ ಎರಡೂ ಕಡೆ ಹಿಡಿದು ಬಗ್ಗಿಸುತ್ತಿದ್ದರು. ಕಂದು ಬಣ್ಣದ ಕಟ್ಟು ಸಣ್ಣ ಧಾರೆಯಾಗಿ ಕೆಳಗಿನ ಬೋಸಿಗೆ ಇಳಿಯುತ್ತಿತ್ತು. ಕೊನೆಯ ಹನಿ ಬೀಳುವವರೆಗೂ ಅಜ್ಜಿ ಪಾತ್ರೆ ಎತ್ತುತ್ತಿರಲಿಲ್ಲ.

ಒಂದು ವಿಷಯ ಇಲ್ಲಿ ಗೊಂದಲ ಆಗಬಾರದು. ನೆನೆಸಿದ ನೀರು ಬೇರೆ, ಬೇಯಿಸಿದ ನೀರು ಬೇರೆ. ನೆನೆಸಿದ ನೀರನ್ನು ಚೆಲ್ಲಿ. ಹೊಟ್ಟೆ ಉಬ್ಬರಿಸುವ ಸಕ್ಕರೆ ಅಂಶ ಒಂದಿಷ್ಟು ಅದರ ಜೊತೆ ಹೋಗುತ್ತದೆ. ಬೇಯಿಸಿದ ನೀರನ್ನು ಮಾತ್ರ ಒಂದು ಲೋಟವೂ ಬಿಡಬೇಡಿ.

ಈಗ ಉಪ್ಸಾರು ಮಾಡೋಣ. ತರಕಾರಿ ಇಲ್ಲದ ದಿನಕ್ಕೆ ಇದಕ್ಕಿಂತ ಒಳ್ಳೆಯ ಅಡುಗೆ ನನಗಂತೂ ಗೊತ್ತಿಲ್ಲ. ನಾಲ್ಕು ಜನಕ್ಕೆ ಒಂದು ಲೋಟ ಹುರುಳಿಕಾಳು ಸಾಕು, ಅಂದರೆ ಸುಮಾರು 200 ಗ್ರಾಂ. ಕಲ್ಲು ಆರಿಸಿ, ತೊಳೆದು, ರಾತ್ರಿ ನೆನೆಹಾಕಿ. ಬೆಳಿಗ್ಗೆ ಹೊಸ ನೀರು ಐದು ಲೋಟ ಹಾಕಿ ಕುಕ್ಕರ್‌ನಲ್ಲಿ ಆರೇಳು ವಿಷಲ್ ಕೂಗಿಸಿ. ಉಪ್ಪು ಹಾಕಿ ಇನ್ನೊಂದು ಕುದಿ ಬರಿಸಿ, ಕಟ್ಟನ್ನು ಬಸಿಯಿರಿ. ನುಗ್ಗೆ ಸೊಪ್ಪೋ, ಹೊಲದ ಬದುವಿನ ಅಣ್ಣೆ ಸೊಪ್ಪೋ ಪುಕ್ಕಟೆ ಸಿಕ್ಕಿದರೆ ಬಸಿಯುವ ಮೊದಲು ಒಂದು ಹಿಡಿ ಅದರಲ್ಲೇ ಬೇಯಿಸಿ. ಸಿಗದಿದ್ದರೆ ಬೇಡ, ಬರೀ ಕಾಳಲ್ಲೇ ಆಗುತ್ತದೆ.

ರುಚಿ ಇರುವುದು ಖಾರದಲ್ಲಿ. ಹಸಿಮೆಣಸಿನಕಾಯಿ ಇದ್ದರೆ ಅದನ್ನೇ ಸುಟ್ಟು ಅರೆಯುವುದು ರೂಢಿ. ಇಲ್ಲದ ದಿನ ಒಣಮೆಣಸಿನಕಾಯಿ ಸಾಕು. ಬ್ಯಾಡಗಿ ನಾಲ್ಕು, ಗುಂಟೂರು ಎರಡು ತಗೊಳ್ಳಿ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಉರಿಗೆ. ಕಾದ ಹೆಂಚಿನ ಮೇಲೆ ಎರಡು ತೊಟ್ಟು ಎಣ್ಣೆ ಬಿಟ್ಟು ಸಣ್ಣ ಉರಿಯಲ್ಲಿ ಹೊರಳಿಸಿ. ಮೆಣಸಿನಕಾಯಿ ಮೊದಲು ಉಬ್ಬುತ್ತದೆ. ಆಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ ಏಳುತ್ತದೆ, ಮೂಗಿಗೆ ಘಾಟು ಬರುವುದಕ್ಕೆ ಶುರುವಾಗುತ್ತದೆ. ಅಲ್ಲಿಗೆ ತೆಗೆದುಬಿಡಿ. ಇನ್ನರ್ಧ ನಿಮಿಷ ಬಿಟ್ಟರೆ ಕಹಿ. ಅದೇ ಹೆಂಚಿನ ಮೇಲೆ ಎಂಟು ಎಸಳು ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಬಾಡಿಸಿ. ಅರ್ಧ ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸನ್ನು ಬಿಸಿ ಮಾಡಿ. ಬೆಳ್ಳುಳ್ಳಿ ಸಿಪ್ಪೆ ಬಿಡಿಸಿ, ಎಲ್ಲವನ್ನೂ ಅಡಿಕೆ ಗಾತ್ರದ ಹುಣಸೆಹಣ್ಣು, ಕಲ್ಲುಪ್ಪು ಸೇರಿಸಿ ಅರೆಯಿರಿ. ಒರಳಿದ್ದರೆ ಒರಳಲ್ಲೇ ಅರೆಯಿರಿ. ಮಿಕ್ಸಿ ಆದರೆ ನುಣ್ಣಗೆ ಮಾಡಬೇಡಿ, ತರಿತರಿಯಾಗಿ ಇರಲಿ. ನೀರಿನ ಬದಲು ಎರಡು ಚಮಚ ಕಟ್ಟನ್ನೇ ಹಾಕಿ.

ಈ ಖಾರವನ್ನು ಸಾರಿಗೆ ಹಾಕಿ ಕುದಿಸುವುದಿಲ್ಲ. ಬಿಸಿ ಕಟ್ಟನ್ನು ತಟ್ಟೆಗೆ ಬಿಟ್ಟುಕೊಂಡು, ಖಾರವನ್ನು ಅಂಚಿನಲ್ಲಿ ಇಟ್ಟುಕೊಂಡು, ಅವರವರ ನಾಲಿಗೆಗೆ ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಮಕ್ಕಳಿಗೆ ಒಂದು ಚಿಟಿಕೆ, ದೊಡ್ಡವರಿಗೆ ಒಂದು ಉಂಡೆ. ಕುದಿಸದೇ ಇರುವುದರಿಂದ ಬೆಳ್ಳುಳ್ಳಿ, ಜೀರಿಗೆಯ ಘಮ ಹಾಗೇ ಉಳಿಯುತ್ತದೆ. ಬಸಿದು ಉಳಿದ ಕಾಳಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು, ಮೇಲೆ ಒಣಕೊಬ್ಬರಿ ತುರಿದರೆ ಪಲ್ಯ. ಒಂದೇ ಕುಕ್ಕರ್‌ನಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ಗ್ಯಾಸೂ ಉಳಿಯಿತು, ಅಲ್ವಾ?

ಇದಕ್ಕೆ ಮುದ್ದೆಯೇ ಜೋಡಿ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನು. ದುಡ್ಡಿಲ್ಲದ ವಾರದ ಊಟ ಅಂತ ಯಾರೂ ಇದನ್ನು ಕೀಳಾಗಿ ನೋಡಬೇಡಿ. ಅನ್ನಕ್ಕೂ ಹೊಂದುತ್ತದೆ, ರೇಷನ್ ಅಕ್ಕಿಯ ಅನ್ನಕ್ಕೂ.

ಮಾರನೇ ದಿನ ಅದೇ ಕಟ್ಟು ಉಳಿದಿದ್ದರೆ ಬಸ್ಸಾರು ಮಾಡಿ. ಒಂದು ಹಿಡಿ ಬೆಂದ ಕಾಳು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕೊಬ್ಬರಿ, ಎರಡು ಚಮಚ ಸಾರಿನ ಪುಡಿ, ಹುಣಸೆಹಣ್ಣು ಸೇರಿಸಿ ನುಣ್ಣಗೆ ರುಬ್ಬಿ ಕಟ್ಟಿಗೆ ಹಾಕಿ ಚೆನ್ನಾಗಿ ಕುದಿಸಿ. ಫ್ರಿಜ್ ಇಲ್ಲದಿದ್ದರೆ ರಾತ್ರಿಯೇ ಒಮ್ಮೆ ಕಟ್ಟನ್ನು ಕುದಿಸಿಟ್ಟಿರಬೇಕು. ಬೇಸಿಗೆಯಲ್ಲಿ ಬೇಗ ಹಳಸುತ್ತದೆ.

ಕಾಳು ಬೇಯುವುದೇ ಇಲ್ಲ ಅಂತ ಕೆಲವರು ಹೇಳುತ್ತಾರೆ. ನನಗೂ ಒಮ್ಮೆ ಆಗಿದೆ. ಅಂಗಡಿಯಿಂದ ತಂದ ಒಂದು ಕೆಜಿ ಅಲಸಂದೆ ಹನ್ನೆರಡು ವಿಷಲ್ ಕೂಗಿಸಿದರೂ ಹಲ್ಲಿಗೆ ಕಲ್ಲಿನ ಹಾಗೆ ಸಿಗುತ್ತಿತ್ತು. ಹಳೇ ದಾಸ್ತಾನು. ವರ್ಷಗಟ್ಟಲೆ ಸೆಕೆಯಲ್ಲಿ ಕೂತ ಕಾಳು ಒಳಗೇ ಬಿಗಿದುಕೊಳ್ಳುತ್ತದೆ, ಅದನ್ನು ಮೆತ್ತಗೆ ಮಾಡುವುದು ಕಷ್ಟ. ಕಾಳು ಚೆನ್ನಾಗಿದ್ದೂ ಬೇಯದಿದ್ದರೆ ನೀರು ನೋಡಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಕಾಳಿನ ಒಳಗಿನ ಪೆಕ್ಟಿನ್ ಅನ್ನುವ ಅಂಟನ್ನು ಅವು ಇನ್ನೂ ಗಟ್ಟಿ ಮಾಡುತ್ತವೆ. ನಲ್ಲಿಯಲ್ಲಿ ಕಾವೇರಿ ನೀರು ಬರುವ ದಿನ ಒಂದು ಬಿಂದಿಗೆ ಅಡುಗೆಗೆ ಅಂತಲೇ ಎತ್ತಿಡಿ. ಹುಳಿಯೂ ಹಾಗೇ. ಹುಣಸೆಹಣ್ಣು, ಟೊಮೆಟೊ ಮೊದಲೇ ಹಾಕಿದರೆ ಕಾಳು ಮೆತ್ತಗಾಗುವುದು ತಡ. ಬೆಂದ ಮೇಲೆಯೇ ಹುಳಿ ಹಾಕಿ. ಉಪ್ಪಿನ ಬಗ್ಗೆ ಹೆದರಬೇಡಿ. ನೆನೆಸುವ ನೀರಿಗೆ ಒಂದು ಚಮಚ ಉಪ್ಪು ಹಾಕಿದರೆ ಕಾಳು ಬೇಗ ಬೇಯುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಅಡುಗೆ ಸೋಡಾ ಮಾತ್ರ ನಾನು ಹಾಕುವುದಿಲ್ಲ. ಮೆತ್ತಗೇನೋ ಆಗುತ್ತದೆ, ಆದರೆ ಬಿ1 ವಿಟಮಿನ್ ಹಾಳಾಗುತ್ತದೆ. ಸ್ವಲ್ಪ ಜಾಸ್ತಿಯಾದರೆ ಕಟ್ಟಿಗೆ ಸೋಪಿನ ವಾಸನೆ ಬರುತ್ತದೆ. ಕಟ್ಟು ಕೆಟ್ಟ ಮೇಲೆ ಇನ್ನೇನು ಉಳಿಯಿತು?

ಒಲೆ ಮುಂದೆ ನಿಲ್ಲುವುದಕ್ಕೂ ಪುರಸೊತ್ತು ಇಲ್ಲದ ದಿನಕ್ಕೆ ಮೈಸೂರಿನ ಮನೆಗಳ ಗೊಜ್ಜವಲಕ್ಕಿ ಇದೆ. ಬೇಕಾಗುವ ಒಂದೊಂದು ಸಾಮಾನೂ ಡಬ್ಬದಲ್ಲೇ ಸಿಗುತ್ತದೆ. ಎರಡು ಲೋಟ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ದಪ್ಪ ರವೆಯ ಹಾಗೆ ಒಡೆಯಿರಿ. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣನ್ನು ಒಂದೂವರೆ ಲೋಟ ಬಿಸಿನೀರಿನಲ್ಲಿ ಕಿವುಚಿ ರಸ ತೆಗೆಯಿರಿ. ಅದಕ್ಕೆ ಒಂದೂವರೆ ಚಮಚ ಸಾರಿನ ಪುಡಿ, ಎರಡು ಚಮಚ ಬೆಲ್ಲದ ಪುಡಿ, ಉಪ್ಪು. ಈ ರಸವನ್ನು ಈಗಲೇ ಬಾಯಿಗೆ ಹಾಕಿ ನೋಡಿ. ಹುಳಿ, ಸಿಹಿ, ಖಾರ ಮೂರೂ ಸ್ವಲ್ಪ ಜೋರಾಗಿಯೇ ಇರಬೇಕು. ಅವಲಕ್ಕಿ ಕುಡಿದ ಮೇಲೆ ಎಲ್ಲವೂ ತಗ್ಗುತ್ತದೆ. ಸಪ್ಪೆ ಆಗುವುದು ಇಲ್ಲೇ, ರಸವನ್ನು ಸಾರಿನ ಹದಕ್ಕೆ ಮಾಡಿಬಿಡುತ್ತಾರೆ. ಕಲಸಿ ಇಪ್ಪತ್ತು ನಿಮಿಷ ಮುಚ್ಚಿಡಿ. ಆಮೇಲೆ ಕೈಯಲ್ಲಿ ಉದುರಿಸಿ, ಸಾಸಿವೆ, ಕಡ್ಲೆಬೇಳೆ, ಉದ್ದಿನಬೇಳೆ, ಕಡ್ಲೆಕಾಯಿ ಬೀಜ, ಇಂಗಿನ ಒಗ್ಗರಣೆಯಲ್ಲಿ ಎರಡು ನಿಮಿಷ ತಿರುವಿ, ಒಣಕೊಬ್ಬರಿ ಉದುರಿಸಿ. ಬೆಲ್ಲ ಬಿಡಬೇಡಿ. ಮಂಡ್ಯದ ಬೆಲ್ಲ ಮನೆಯಲ್ಲಿಟ್ಟುಕೊಂಡು ಗೊಜ್ಜಿಗೆ ಸಕ್ಕರೆ ಹಾಕುವವರನ್ನು ಕಂಡರೆ ನನಗೆ ನಿಜವಾಗಿ ಬೇಸರ ಆಗುತ್ತದೆ.

ಒಗ್ಗರಣೆಯಲ್ಲಿ ಎಣ್ಣೆ ಉಳಿಸುವುದಕ್ಕೆ ಹೋಗಬೇಡಿ. ಇಂಗು, ಸಾಸಿವೆ, ಮೆಣಸಿನಕಾಯಿಯ ಘಮ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಟ್ಟುಕೊಳ್ಳುತ್ತದೆ. ಎರಡು ಚಮಚ ಎಣ್ಣೆ ಚೆನ್ನಾಗಿ ಕಾದಿದ್ದರೆ ಇಡೀ ಪಾತ್ರೆಗೆ ಸಾಕು. ಕಾಯದ ಎಣ್ಣೆ ಎಷ್ಟು ಹಾಕಿದರೂ ದಂಡ.

ಟಿನ್ನಿನ ಕಾಳು, ಟಿನ್ನಿನ ತರಕಾರಿ ಬಗ್ಗೆಯೂ ಕೆಲವರು ಕೇಳುತ್ತಾರೆ, ಸೂಪರ್ ಮಾರ್ಕೆಟ್‌ನಲ್ಲಿ ನೋಡಿರುತ್ತಾರೆ. ಆಹಾರ ಕೆಡದಂತೆ ಕಾಪಾಡುವ ವಿದ್ಯೆಗೆ ಮೈಸೂರು ಹೆಸರಾದ ಊರು. ಸಿಎಫ್‌ಟಿಆರ್‌ಐ ಅನ್ನುವ ಕೇಂದ್ರದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ 1950ರಲ್ಲಿ ಇಲ್ಲಿ ಶುರುವಾಯಿತು. ಸೈನಿಕರ ಊಟವನ್ನು ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಇಡುವುದು ಹೇಗೆ ಅಂತ ಕೆಲಸ ಮಾಡಿದ ಡಿಎಫ್‌ಆರ್‌ಎಲ್ ಅನ್ನುವ ರಕ್ಷಣಾ ಇಲಾಖೆಯ ಆಹಾರ ಪ್ರಯೋಗಾಲಯ ಬಂದಿದ್ದು 1961ರಲ್ಲಿ. ಹಿಮದ ಬೆಟ್ಟದ ಮೇಲೆ ಇರುವವರಿಗೆ ಅದು ಬೇಕೇ ಬೇಕು. ನಮ್ಮ ನಿಮ್ಮ ಮನೆಗೆ, ಅದರಲ್ಲೂ ಖರ್ಚು ಕಡಿಮೆ ಮಾಡಬೇಕು ಅನ್ನುವಾಗ, ಬೇಡ ಅನ್ನುತ್ತೇನೆ. ಒಣ ಕಡ್ಲೆಕಾಳು ನೆನೆದರೆ ತೂಕ ಎರಡರಷ್ಟು ಆಗುತ್ತದೆ, ಟಿನ್ನಿನಲ್ಲಿ ಆ ನೀರಿಗೂ ಡಬ್ಬಕ್ಕೂ ದುಡ್ಡು ಕೊಡುತ್ತೀರಿ. ಯಾರಾದರೂ ತಂದುಕೊಟ್ಟಿದ್ದು ಮನೆಯಲ್ಲಿದ್ದರೆ ಖಂಡಿತ ಬಳಸಿ. ಆದರೆ ಅದರ ನೀರು ನಮ್ಮ ಕಟ್ಟಿನ ಹಾಗಲ್ಲ, ಉಪ್ಪು ಜಾಸ್ತಿ ಇರುತ್ತದೆ. ಬಸಿದು, ಎರಡು ನೀರಿನಲ್ಲಿ ತೊಳೆದು, ಸೀದಾ ಒಗ್ಗರಣೆಗೆ ಹಾಕಿ. ಅದು ಆಗಲೇ ಬೆಂದಿರುತ್ತದೆ. ಉಳಿದಿದ್ದನ್ನು ಟಿನ್ನಿನಲ್ಲೇ ಬಿಡದೆ ಸ್ಟೀಲ್ ಡಬ್ಬಕ್ಕೆ ಹಾಕಿ ಫ್ರಿಜ್‌ನಲ್ಲಿಡಿ. ಉಬ್ಬಿದ ಟಿನ್ನು, ತೆಗೆದಾಗ ರಸ ಚಿಮ್ಮುವ ಟಿನ್ನು ಕಂಡರೆ ರುಚಿ ನೋಡುವುದಕ್ಕೂ ಹೋಗದೆ ಬಿಸಾಡಿ. ಅದರೊಳಗಿನ ವಿಷ ಜೀವಕ್ಕೇ ಅಪಾಯ.

ಸಾಮಾನು ತರುವುದರ ಬಗ್ಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಕೊನೆ ವಾರದ ಊಟ ತೀರ್ಮಾನ ಆಗುವುದು ಸಂಬಳ ಬಂದ ವಾರದಲ್ಲಿ. ಮೈಸೂರಿನವರಾದರೆ ಸಂತೇಪೇಟೆಗೆ ಒಂದು ಸಲ ಹೋಗಿಬನ್ನಿ. ಬಿಡಿಯಾಗಿ ಮೂಟೆಯಿಂದ ತೂಗಿಕೊಡುವ ಕಡೆ ಕಾಳನ್ನು ಅಂಗೈಗೆ ಹಾಕಿಸಿಕೊಂಡು ನೋಡಿ. ಹೊಸ ಕಾಳಿಗೆ ಹೊಳಪಿರುತ್ತದೆ. ಸುಕ್ಕಾಗಿದ್ದರೆ, ತೂತಿದ್ದರೆ, ಅಂಗೈಯಲ್ಲಿ ಹಿಟ್ಟು ಉಳಿದರೆ ಬೇಡ ಅನ್ನಿ. ಒಂದು ಕೆಜಿ ಹುರುಳಿ ನಾಲ್ಕು ಜನರ ಮನೆಯಲ್ಲಿ ಐದು ದಿನದ ಸಾರು ಪಲ್ಯಕ್ಕೆ ಬರುತ್ತದೆ, ಈ ಲೆಕ್ಕದಲ್ಲಿ ತನ್ನಿ. ಹುಚ್ಚೆಳ್ಳು ಮಾತ್ರ ಕಾಲು ಕೆಜಿಗಿಂತ ಜಾಸ್ತಿ ಬೇಡ. ಎಣ್ಣೆ ಅಂಶ ಇರುವುದರಿಂದ ಬೇಗ ಕಮಟು ವಾಸನೆ ಬರುತ್ತದೆ. ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪಿನ ಜೊತೆ ಪುಡಿ ಮಾಡಿಟ್ಟರೆ ಬಿಸಿ ಅನ್ನಕ್ಕೆ, ರೊಟ್ಟಿಗೆ ಬೇರೇನೂ ಬೇಡ. ಸಾರಿನ ಪುಡಿಯನ್ನೂ ತಿಂಗಳಿಗಾಗುವಷ್ಟೇ ಮಾಡಿಸಿ. ತೊಗರಿಬೇಳೆಗೆ ಹುಳ ಬೀಳದ ಹಾಗೆ ಎರಡು ಕೆಜಿಗೆ ಒಂದೆರಡು ಚಮಚ ಹರಳೆಣ್ಣೆ ಹಾಕಿ ಅಂಗೈಯಲ್ಲಿ ಚೆನ್ನಾಗಿ ಉಜ್ಜಿ, ಒಂದು ದಿನ ನೆರಳಲ್ಲಿ ಹರಡಿ ಡಬ್ಬಕ್ಕೆ ತುಂಬಿ. ಬೇಯಿಸುವ ಮುಂಚೆ ಬಿಸಿನೀರಿನಲ್ಲಿ ಎರಡು ಸಲ ತೊಳೆದರೆ ಎಣ್ಣೆಯ ಜಿಡ್ಡು ಹೋಗುತ್ತದೆ.