ಮರದಡಿಯ ಎರಡನೆಯ ಮಳೆ

ಮಳೆ ನಿಂತಿತೆಂದು ಕೊಡೆ ಮಡಚಿದ ಮೇಲೆಯೇ ನಾನು ಹೆಚ್ಚು ಸಲ ನೆಂದಿರುವುದು. ಮೂರ್ನಾಲ್ಕು ಮಂದಿ ಗೆಳೆಯರು ಕಾಲುದಾರಿ ಹಿಡಿದು ಹೊರಟಿರುತ್ತೇವೆ. ಬಯಲಿನಲ್ಲಿ ಮಳೆ ಪೂರ್ತಿ ಬಿಟ್ಟಿರುತ್ತದೆ. ಮರಗಳ ಕೆಳಗೆ ಕಾಲಿಟ್ಟೆವೋ ಇಲ್ಲವೋ, ನೆತ್ತಿಗೆ, ಕತ್ತಿನ ಹಿಂದಕ್ಕೆ, ಕನ್ನಡಕದ ಗಾಜಿಗೆ ಟಪ್ ಟಪ್ ಎಂದು ದಪ್ಪ ಹನಿಗಳು. ‘ಮಳೆ ನಿಂತರೂ ಮರದ ಹನಿ ನಿಲ್ಲದು’ ಎಂಬ ಗಾದೆಯನ್ನು ಮುಗಿದರೂ ಮುಗಿಯದ ರಗಳೆಗಳಿಗೆಲ್ಲ ಬಳಸಿ ಬಳಸಿ, ಅದು ನಿಜವಾದ ಮರ, ನಿಜವಾದ ಹನಿಯ ಮಾತು ಎಂಬುದೇ ಮರೆತುಹೋಗಿದೆ.

ಮಳೆ ಶುರುವಾದಾಗ ಮರ ಮೊದಲು ತಾನು ನೆನೆಯುತ್ತದೆ. ದಟ್ಟ ಎಲೆಯ ಮರ ಒಂದೆರಡು ಮಿಲಿಮೀಟರ್ ಮಳೆಯನ್ನು ಎಲೆ, ಕಡ್ಡಿ, ತೊಗಟೆಗಳ ಮೇಲೆಯೇ ಹಿಡಿದಿಟ್ಟುಕೊಳ್ಳಬಲ್ಲದು. ಅಷ್ಟೇನಾ ಅನ್ನಬೇಡಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಕೊಂಬೆಗಳು 50 ಚದರ ಮೀಟರ್ ಹರಡಿಕೊಂಡಿದ್ದರೆ 50ರಿಂದ 100 ಲೀಟರ್ ನೀರು ನಮ್ಮ ತಲೆಯ ಮೇಲೆ ತೂಗುತ್ತಿರುತ್ತದೆ. ಮೊದಲ ಕೆಲವು ನಿಮಿಷ ಮರದಡಿ ಒಣಗಿರುವುದು ಇದರಿಂದಲೇ. ಆಮೇಲೆ ಸೋರತೊಡಗುವುದೂ ಇದರಿಂದಲೇ. ಹೀಗೆ ಹಿಡಿದ ನೀರಿನಲ್ಲಿ ಒಂದಷ್ಟು ನೆಲ ಮುಟ್ಟುವುದೇ ಇಲ್ಲ, ಮೇಲಿನಿಂದ ಮೇಲೆಯೇ ಆವಿಯಾಗಿ ಹೋಗುತ್ತದೆ. ಸ್ವಲ್ಪ ಭಾಗ ಕಾಂಡದ ಗುಂಟ ಇಳಿದು ಬುಡ ಸೇರುತ್ತದೆ. ಮಿಕ್ಕಿದ್ದು ಎಲೆಯ ತುದಿಗೆ ಬಂದು ನಿಲ್ಲುತ್ತದೆ.

ಅಲ್ಲಿ ಮಳೆಯ ಸ್ವರೂಪವೇ ಬದಲಾಗುತ್ತದೆ. ತುಂತುರಿನ ಹನಿಯ ಅಡ್ಡಳತೆ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅಂಥ ಹನಿಗಳೆಲ್ಲ ಎಲೆಯ ಮೇಲೆ ಕೂಡಿಕೊಂಡು ತುದಿಯಿಂದ ಕಳಚುವಾಗ ಅಡ್ಡಳತೆ ನಾಲ್ಕೈದು ಮಿಲಿಮೀಟರ್ ಆಗಿರಬಹುದು. ಅಗಲ ಹತ್ತು ಪಟ್ಟಾದರೆ ತೂಕ ಸಾವಿರ ಪಟ್ಟು! ಅರ್ಧ ಮಿಲಿಮೀಟರಿನ ಹನಿ ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ ತೇಲಿದಂತೆ ಇಳಿದರೆ, 5 ಮಿಲಿಮೀಟರಿನದು ಎತ್ತರದ ಮರದಿಂದ ಬಿದ್ದಾಗ ಸೆಕೆಂಡಿಗೆ 9 ಮೀಟರಿನ ಆಸುಪಾಸಿಗೆ ಬಂದುಬಿಡುತ್ತದೆ. ತುಂತುರು ಮಳೆಯಲ್ಲಿ ಬಯಲ ನೆಲಕ್ಕಿಂತ ಮರದಡಿಯ ನೆಲಕ್ಕೆ ಬೀಳುವ ಪೆಟ್ಟೇ ಜೋರು. ಆ ಪೆಟ್ಟನ್ನು ತಿನ್ನುವುದು ತರಗೆಲೆಯ ಹಾಸು. ಅದನ್ನು ಗುಡಿಸಿ ತೆಗೆದ ತೋಪಿನಲ್ಲಿ ಮರಗಳಿದ್ದೂ ಮಣ್ಣು ಕೊಚ್ಚಿಹೋಗುವುದುಂಟು.

ಇನ್ನು ವಾಸನೆ. ಒಣ ನೆಲಕ್ಕೆ ಮಳೆ ಬಿದ್ದಾಗ ಏಳುವ ಘಮಕ್ಕೆ 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಪೆಟ್ರಾ ಎಂದರೆ ಬಂಡೆ, ಇಕೋರ್ ಎಂದರೆ ದೇವತೆಗಳ ಮೈಯಲ್ಲಿ ಹರಿಯುವ ದ್ರವ. ಒಣಗಾಲದಲ್ಲಿ ಗಿಡಗಳಿಂದ ಹೊರಟ ಎಣ್ಣೆಯಂಥ ವಸ್ತುಗಳು ಮಣ್ಣು, ಕಲ್ಲುಗಳಿಗೆ ಅಂಟಿಕೊಂಡಿರುತ್ತವೆ. ಅವುಗಳ ಜೊತೆಗೆ ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ಜಿಯೋಸ್ಮಿನ್ ಸೇರುತ್ತದೆ. ನಮ್ಮ ಮೂಗು ಇದರ ವಿಷಯದಲ್ಲಿ ಮಹಾ ಚುರುಕು: ಒಂದು ಲಕ್ಷ ಕೋಟಿ ಭಾಗ ನೀರಿನಲ್ಲಿ ಹತ್ತು ಭಾಗದಷ್ಟಿದ್ದರೂ ಗೊತ್ತಾಗುತ್ತದೆ. ಸ್ಪ್ರಿಂಗ್‌ಟೇಲ್ ಎಂಬ ಪುಟಾಣಿ ಜೀವಿಗಳನ್ನು ಈ ವಾಸನೆ ಕರೆಯುತ್ತದೆ. ಅವು ಬಂದು ಬ್ಯಾಕ್ಟೀರಿಯಾ ತಿಂದು, ಅದರ ಬೀಜಕಣಗಳನ್ನು ಮೈಗೆ ಮೆತ್ತಿಕೊಂಡು ಬೇರೆಡೆ ಹರಡುತ್ತವೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂದರೆ ನಾವು ಮೂಗರಳಿಸಿ ಸವಿಯುವುದು ಬೇರೆ ಯಾರಿಗೋ ಹೋದ ಊಟದ ಕರೆ.

ವಾಸನೆ ಗಾಳಿಗೇರುವ ಬಗೆಯೂ ಸೊಗಸಾಗಿದೆ. ಹನಿ ನೆಲಕ್ಕಪ್ಪಳಿಸಿದಾಗ ಮಣ್ಣಿನ ರಂಧ್ರಗಳಲ್ಲಿನ ಗಾಳಿ ಹನಿಯ ಅಡಿ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ. ಗುಳ್ಳೆ ಮೇಲೆದ್ದು ಒಡೆದಾಗ, ಸೋಡಾ ಚಿಮ್ಮಿದಂತೆ ಕಣ್ಣಿಗೆ ಕಾಣದ ತುಂತುರು ಹಾರುತ್ತದೆ. ಇದನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು 2015ರಲ್ಲಿ ವರದಿ ಮಾಡಿದವರು ಅಮೆರಿಕದ ಎಂಐಟಿಯ ಸಂಶೋಧಕರು. ಜಡಿಮಳೆಗಿಂತ ಹಗುರ ಮಳೆಯಲ್ಲೇ ಇಂಥ ತುಂತುರು ಹೆಚ್ಚು ಎಂದೂ ಅವರು ಕಂಡುಕೊಂಡರು. ಆದರೆ ಮೂಗು ಯಾವ ವಾಸನೆಗಾದರೂ ಬೇಗ ಒಗ್ಗಿಹೋಗುತ್ತದೆ. ಮುಂದೆ ಹೋದವರಿಗೆ ಘಮವೇ ಇಲ್ಲ. ಹಿಂದೆ ಉಳಿದು ಆಗಷ್ಟೇ ಬಂದು ಸೇರಿದವನು ‘ಆಹಾ!’ ಅನ್ನುತ್ತಾನೆ. ತಡವಾಗಿ ಬರುವ ಗೆಳೆಯನಿಂದ ಇದೊಂದು ಲಾಭ.

ಕಣ್ಣಿಗೂ ಕೆಲಸವಿದೆ. ತೊಗಟೆ, ಬಂಡೆಗಳಿಗೆ ಅಂಟಿಕೊಂಡ ಬೂದುಬಣ್ಣದ ಕಲ್ಲುಹೂವನ್ನು ನೋಡಿ. ಅದು ಒಂದೇ ಜೀವಿಯಲ್ಲ, ಶಿಲೀಂಧ್ರ ಮತ್ತು ಪಾಚಿಯ ಕೂಡುಸಂಸಾರ. ಒಣಗಿದಾಗ ಮೇಲಿನ ಶಿಲೀಂಧ್ರದ ಪದರ ಮಬ್ಬಾಗಿ ಪಾಚಿಯನ್ನು ಮುಚ್ಚಿರುತ್ತದೆ. ನೆನೆದಾಗ ಅದೇ ಪದರ ಪಾರದರ್ಶಕವಾಗುತ್ತದೆ, ಒಳಗಿನ ಹಸಿರು ಹೊರಗೆ ಕಾಣುತ್ತದೆ. ಜೇಬಿನ ಬಾಟಲಿಯಿಂದ ನಾಲ್ಕು ಹನಿ ಚಿಮುಕಿಸಿದರೂ ಕಣ್ಣೆದುರೇ ಬಣ್ಣ ತಿರುಗುವ ಜಾತಿಗಳಿವೆ. ನನ್ನ ಮಟ್ಟಿಗೆ ಮಳೆನಡಿಗೆಯ ಅತ್ಯುತ್ತಮ ಜಾದೂ ಇದೇ.

ಮಳೆಯಲ್ಲಿ ಜೊತೆಯಾಗಿ ನಡೆಯುವವರು ಗಮನಿಸದ ಸಂಗತಿಯೊಂದಿದೆ: ನಾವೆಲ್ಲ ಕಿರುಚುತ್ತಿರುತ್ತೇವೆ. ಸುತ್ತಲಿನ ಸದ್ದು ಹೆಚ್ಚಿದಂತೆ ಮಾತಿನ ದನಿ ತಂತಾನೇ ಏರುತ್ತದೆ. ಫ್ರೆಂಚ್ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲಿ ವಿವರಿಸಿದ ಈ ಪರಿಣಾಮಕ್ಕೆ ಅವನದೇ ಹೆಸರು. ಹಕ್ಕಿಗಳಲ್ಲೂ ಇದುಂಟು. ಮಳೆ ತಟ್ಟನೆ ನಿಂತಾಗ ಯಾರದೋ ಗುಟ್ಟು ಇಡೀ ಕಣಿವೆಗೆ ಕೇಳಿಸುವುದು ಹೀಗೆ.

ಓಡಬೇಕೋ ನಡೆಯಬೇಕೋ ಎಂಬ ಜಗಳ ಪ್ರತಿ ಗುಂಪಿನಲ್ಲೂ ಇದ್ದದ್ದೇ. ತಲೆ, ಹೆಗಲುಗಳಿಗೆ ಬೀಳುವ ನೀರು ನಾವು ಹೊರಗಿರುವ ಸಮಯವನ್ನು ಅವಲಂಬಿಸಿದೆ. ಎದೆಗೆ ಎದುರಾಗುವ ನೀರಿಗೆ ಸಮಯದ ಹಂಗಿಲ್ಲ, ಎಷ್ಟು ದೂರ ಹೋದೆವು ಎಂಬುದಷ್ಟೇ ಲೆಕ್ಕ. ಹಾಗಾಗಿ ನೇರವಾಗಿ ಬೀಳುವ ಮಳೆಯಲ್ಲಿ ಓಡಿದರೆ ಒಂದಷ್ಟು ಕಡಿಮೆ ನೆನೆಯುತ್ತೇವೆ, ಆದರೆ ಒಣಗಿ ಉಳಿಯುವುದಿಲ್ಲ. ಜಾರುವ ದಾರಿಯಲ್ಲಿ ಬಿದ್ದು ಮೊಣಕಾಲು ತರಚಿಕೊಳ್ಳುವಷ್ಟು ದೊಡ್ಡ ಉಳಿತಾಯವೇನಲ್ಲ.

ಒದ್ದೆಯಾದ ಮೇಲೆ ನಡೆಯುತ್ತಲೇ ಇರುವುದು ಮೇಲು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ನಡೆಯುವಾಗ ಸ್ನಾಯುಗಳು ಶಾಖ ತುಂಬಿಕೊಡುತ್ತವೆ. ಹರಟೆಗೆಂದು ನಿಂತ ಹತ್ತೇ ನಿಮಿಷಕ್ಕೆ ಹಲ್ಲು ಕಟಕಟಿಸುತ್ತದೆ.

ಗುಡುಗು ಕೇಳಿಸಿತೆಂದರೆ ಮಾತ್ರ ಆಟ ಮುಗಿದಂತೆ. ಮಿಂಚಿಗೂ ಗುಡುಗಿಗೂ ನಡುವೆ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಆದರೆ ಗುಡುಗು ಕೇಳುವಷ್ಟು ಹತ್ತಿರವಿದ್ದರೆ ಸಿಡಿಲು ಹೊಡೆಯುವಷ್ಟು ಹತ್ತಿರವೇ ಇದ್ದೀರಿ ಎಂದು ತಿಳಿದು ಗಟ್ಟಿ ಕಟ್ಟಡವನ್ನೋ ಮುಚ್ಚಿದ ಕಾರನ್ನೋ ಸೇರಬೇಕು. ಒಂಟಿ ಮರದಡಿ ನಿಲ್ಲಲೇಬಾರದು. ಎಲ್ಲೂ ಆಸರೆ ಸಿಗದಿದ್ದರೆ ಗೆಳೆಯರು ಪರಸ್ಪರ ದೂರ ದೂರ ಸರಿಯಬೇಕು. ಭಯವಾದಾಗ ಒತ್ತಿಕೊಂಡು ನಿಲ್ಲುವುದು ನಮ್ಮ ಸ್ವಭಾವ, ಆದರೆ ಒಂದೇ ಸಿಡಿಲು ಎಲ್ಲರನ್ನೂ ಕೆಡವಿದರೆ ನೆರವಿಗೆ ಓಡಿ ಬರಲು ಯಾರೂ ಉಳಿಯುವುದಿಲ್ಲ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ; ಹೆದರದೆ ಮುಟ್ಟಿ ಉಪಚರಿಸಬಹುದು.

ಗುಡುಗಿಲ್ಲದ ಸೋನೆಮಳೆಯ ದಿನ ಇಷ್ಟೆಲ್ಲ ಯೋಚನೆ ಬೇಡ. ಹನಿ ಸೋರುವ ಮರದ ಕೆಳಗೆ ಎಲ್ಲರೂ ಕೊಡೆ ಮಡಚಿಕೊಂಡು ನಿಂತಿರುವಾಗ ಒಬ್ಬ ಸದ್ದಿಲ್ಲದೆ ಹಿಂದೆ ಸರಿದನೇ, ನೋಡಿಕೊಳ್ಳಿ. ಕೈಗೆಟಕುವ ಕೊಂಬೆ ಮೂರು ಚದರ ಮೀಟರ್ ಹರಡಿದ್ದರೂ ಅದರಲ್ಲಿ ಮೂರು ಲೀಟರಿನವರೆಗೂ ನೀರು ಕೂತಿರಬಹುದು. ಅವನು ಅದನ್ನು ಹಿಡಿದು ಅಲ್ಲಾಡಿಸುವ ಮೊದಲು ನಿಮಗಿರುವುದು ಒಂದೇ ಕ್ಷಣ.