ಸೆಕ್ಸ್ ಥೆರಪಿಸ್ಟ್ ಆಗಬೇಕು ಅಂದ್ರೆ ಯಾವ ಪಿ.ಜಿ. ಮಾಡಬೇಕು?

ಪ್ರಶ್ನೆ: ಸೈಕಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ಕೌನ್ಸೆಲಿಂಗ್ ಸೆಂಟರ್ ಒಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಗಂಡ-ಹೆಂಡತಿ ಜಗಳ ಅಂತ ಬರುವವರಲ್ಲಿ ಕೆಲವರ ನಿಜವಾದ ತೊಂದರೆ ಲೈಂಗಿಕ ಜೀವನದ್ದು ಅಂತ ಗೊತ್ತಾಗುತ್ತೆ. ಆದರೆ ಮುಂದೆ ಏನು ಕೇಳಬೇಕೋ ತಿಳಿಯುವುದಿಲ್ಲ. ಸೈಕೋಸೆಕ್ಷುಯಲ್ ಥೆರಪಿಸ್ಟ್ ಆಗಲು ಯಾವ ಪಿ.ಜಿ. ಕೋರ್ಸ್ ಸೇರಬೇಕು? ಆರು ತಿಂಗಳ ಆನ್‌ಲೈನ್ ಡಿಪ್ಲೊಮಾ ಸಾಕಾಗುತ್ತಾ?

ಉತ್ತರ: ಡಿಪ್ಲೊಮಾ ಒಂದೇ ಸಾಕಾಗುವುದಿಲ್ಲ. ಭಾರತದಲ್ಲಿ ಸೈಕೋಸೆಕ್ಷುಯಲ್ ಥೆರಪಿಸ್ಟ್ ಅನ್ನುವ ಹೆಸರಿಗೆ ಬೇರೆಯಾಗಿ ಒಂದು ಲೈಸೆನ್ಸೂ ಇಲ್ಲ. ಹಾಗಾಗಿ ‘ಯಾವ ಕೋರ್ಸ್’ ಅಂತ ಹುಡುಕಲು ಹೊರಟವರು ಸಾಮಾನ್ಯವಾಗಿ ಜಾಹೀರಾತಿನ ಬಲೆಗೇ ಬೀಳುತ್ತಾರೆ. ಇಲ್ಲಿ ದಾರಿ ಎರಡು ಹಂತದ್ದು. ಮೊದಲು ಮಾನಸಿಕ ಚಿಕಿತ್ಸೆಯಲ್ಲಿ ಕಾನೂನು ಒಪ್ಪುವ ಒಂದು ಪೂರ್ಣ ತರಬೇತಿ ಬೇಕು. ಲೈಂಗಿಕ ಸಮಸ್ಯೆಗಳ ಕೆಲಸವನ್ನು ಆಮೇಲೆ ಹಿರಿಯರೊಬ್ಬರ ಕೈಕೆಳಗೆ ಕೇಸ್ ನೋಡುತ್ತಾ ಕಲಿಯಬೇಕು.

ಮೊದಲ ಹಂತಕ್ಕೆ ನಿಮ್ಮ ಎಂ.ಎಸ್ಸಿ. ಅಡಿಪಾಯ ಅಷ್ಟೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಅಂತ ಬಿಡಿಸಿ ಹೇಳಿದೆ. ಅದು ಒಪ್ಪುವ ಒಂದು ದಾರಿ: ಸೈಕಾಲಜಿಯ ಸ್ನಾತಕೋತ್ತರ ಪದವಿಯ ಮೇಲೆ, ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ಒಪ್ಪಿದ ಸಂಸ್ಥೆಯಲ್ಲಿ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್., ಅದೂ ಮೇಲ್ವಿಚಾರಣೆಯ ಕ್ಲಿನಿಕಲ್ ತರಬೇತಿಯ ಜೊತೆ. ಹೊಸ ಶಿಕ್ಷಣ ನೀತಿ ಬಂದ ಮೇಲೆ ಎಂ.ಫಿಲ್. ಪದವಿಯನ್ನೇ ಕೈಬಿಡಲಾಗಿದೆ. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ ಯುಜಿಸಿ ಸ್ವಲ್ಪ ಸಮಯ ಹೆಚ್ಚಿಗೆ ಕೊಟ್ಟಿತು. ಆದ್ದರಿಂದ ಅರ್ಜಿ ಹಾಕುವ ವರ್ಷ ಯಾವ ಪದವಿಗೆ ಆರ್‌ಸಿಐ ನೋಂದಣಿ ಸಿಗುತ್ತೆ ಅಂತ ಪರಿಷತ್ತಿನ ವೆಬ್‌ಸೈಟಿನಲ್ಲೇ ನೋಡಿ. ಕಾಲೇಜಿನ ಬ್ರೋಷರ್ ನಂಬಿ ಕೂರಬೇಡಿ. ಎಂ.ಬಿ.ಬಿ.ಎಸ್. ಆದವರಿಗೆ ಎಂ.ಡಿ. ಸೈಕಿಯಾಟ್ರಿಯ ದಾರಿ ಇದೆ. ಎಂ.ಎಸ್.ಡಬ್ಲ್ಯು. ಓದಿದವರು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಕಡೆಯಿಂದ ಬರಬಹುದು.

ಆರ್‌ಸಿಐ ನೋಂದಣಿ ಇಲ್ಲದೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿದರೆ ಅದು 1992ರ ಆರ್‌ಸಿಐ ಕಾಯ್ದೆಯ ಪ್ರಕಾರ ಅಪರಾಧ. ಕೌನ್ಸೆಲರ್‌ಗಳು 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಕಾಯ್ದೆಯ ಕೆಳಗೆ ಬರುತ್ತಾರೆ. ಈಗ ಮಾಡುತ್ತಿರುವ ಕೆಲಸ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಯಾವ ಹೆಸರು ಹಾಕಿಕೊಂಡು ಮಾಡುತ್ತೀರಿ ಅನ್ನುವುದರಲ್ಲಿ ಹುಷಾರಾಗಿರಿ.

ಇನ್ನು ಎಲ್ಲಿ ಓದಬೇಕು ಅನ್ನುವುದು. ನಮ್ಮವರ ಬಾಯಲ್ಲಿ ಮೊದಲು ಬರುವ ಹೆಸರು ನಿಮ್ಹಾನ್ಸ್. ತರಬೇತಿ ಚೆನ್ನಾಗಿದೆ, ಕುಟುಂಬಗಳನ್ನು ಕೂರಿಸಿ ಚಿಕಿತ್ಸೆ ಕೊಡುವ ಪ್ರತ್ಯೇಕ ವಿಭಾಗವೇ ಅಲ್ಲಿದೆ. ಚಂಡೀಗಢದ ಪಿಜಿಐನಲ್ಲಿ ದಾಂಪತ್ಯ ಮತ್ತು ಲೈಂಗಿಕ ಸಮಸ್ಯೆಗಳಿಗೆಂದೇ ಕ್ಲಿನಿಕ್ ಇದೆ, ಭಾರತದ ಈ ವಿಷಯದ ಸಂಶೋಧನೆಯಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬಂದಿದೆ. ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಪ್ರಕಾಶ್ ಕೊಠಾರಿ ಲೈಂಗಿಕ ವೈದ್ಯಕೀಯ ವಿಭಾಗ ನಡೆಸಿದರು. 1985ರಲ್ಲಿ ಲೈಂಗಿಕ ವಿಜ್ಞಾನದ ವಿಶ್ವ ಸಮ್ಮೇಳನ ದೆಹಲಿಯಲ್ಲಿ ನಡೆದದ್ದು ಅವರ ಮುಂದಾಳ್ತನದಲ್ಲಿ. ಹೆಸರು ನೋಡಿ ಮಾತ್ರ ಸೇರಬೇಡಿ. ‘ಲೈಂಗಿಕ ಸಮಸ್ಯೆಯ ಕೇಸ್ ನನಗೆ ಕೊಡುತ್ತೀರಾ, ಯಾರು ಸೂಪರ್‌ವೈಸ್ ಮಾಡುತ್ತಾರೆ’ ಅಂತ ಸೀಟು ತೆಗೆದುಕೊಳ್ಳುವ ಮೊದಲೇ ಸೀನಿಯರ್ ವಿದ್ಯಾರ್ಥಿಗಳ ಹತ್ತಿರ ಕೇಳಿ. ಈ ಕೇಸ್‌ಗಳೆಲ್ಲ ಡಾಕ್ಟರುಗಳ ಕಡೆಗೇ ಹೋಗಿ, ಸೈಕಾಲಜಿ ವಿದ್ಯಾರ್ಥಿಗಳ ಪಾಲಿಗೆ ಸುಮ್ನೆ ಐಕ್ಯೂ ಪರೀಕ್ಷೆ ಉಳಿಯುವ ಜಾಗಗಳೂ ಇರುತ್ತವೆ.

ಈಗ ಎರಡನೇ ಹಂತ. ಸಿದ್ಧಾಂತ ಬಹಳ ದೊಡ್ಡದೇನಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 1970ರಲ್ಲಿ ತಮ್ಮ ಚಿಕಿತ್ಸೆಯ ವಿಧಾನವನ್ನು ಪ್ರಕಟಿಸಿದರು. ಅದರ ಮುಖ್ಯ ಭಾಗ ‘ಸೆನ್ಸೇಟ್ ಫೋಕಸ್’ ಇವತ್ತಿಗೂ ಚಾಲ್ತಿಯಲ್ಲಿದೆ. ದಂಪತಿಗೆ ಮೊದಲು ಹೇಳುವುದೇ ‘ಸದ್ಯಕ್ಕೆ ಸಂಭೋಗ ಬೇಡ’ ಅಂತ. ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಮುಟ್ಟಬೇಕು, ಮೊದಲ ಸುತ್ತಿನಲ್ಲಿ ಸ್ತನ, ಜನನಾಂಗಗಳನ್ನು ಬಿಟ್ಟು. ಖುಷಿಪಡಿಸಲೇಬೇಕು ಅನ್ನುವ ಗುರಿ ಇಲ್ಲ. ಕೈಗೆ ಏನು ಅನಿಸುತ್ತೆ ಅಂತ ಗಮನಿಸಿದರೆ ಸಾಕು. ಇವತ್ತು ಆಗುತ್ತೋ ಇಲ್ಲವೋ ಅನ್ನುವ ಭಯವೇ ಎಷ್ಟೋ ಜನರ ಕಾಯಿಲೆ. ಪರೀಕ್ಷೆಯನ್ನೇ ರದ್ದು ಮಾಡಿದರೆ ಆ ಭಯಕ್ಕೆ ಜಾಗ ಇರುವುದಿಲ್ಲ. ಓದಿದರೆ ಇಷ್ಟೇ ಅನಿಸುತ್ತೆ.

ಕಷ್ಟ ಗೊತ್ತಾಗುವುದು ಕೇಸಿನಲ್ಲಿ. ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಮದುವೆಯಾಗಿ ಮೂರು ವರ್ಷ, ಇನ್ನೂ ಒಂದು ಸಲವೂ ಕೂಡಿಲ್ಲ. ಮಗು ಯಾಕಿಲ್ಲ ಅಂತ ಅತ್ತೆ ಸ್ತ್ರೀರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿದ್ದಾರೆ, ಅವರು ಇಲ್ಲಿಗೆ ಕಳಿಸಿದ್ದಾರೆ. ಟ್ರೈನಿ ಕ್ರಮಬದ್ಧವಾಗಿ ಹೋಂವರ್ಕ್ ಕೊಟ್ಟಳು. ಮುಂದಿನ ವಾರ ಕೇಳಿದರೆ ಮಾಡಿಲ್ಲ, ಅದರ ಮುಂದಿನ ವಾರವೂ ಇಲ್ಲ.

‘ಅವರಿಗೆ ಆಸಕ್ತಿನೇ ಇಲ್ಲ ಮೇಡಂ,’ ಅಂತ ಟ್ರೈನಿ ಸೂಪರ್‌ವೈಸರ್ ಹತ್ತಿರ ಹೇಳಿದಳು.

‘ಮನೆಯಲ್ಲಿ ಎಷ್ಟು ರೂಮಿದೆ?’

‘ಕೇಳಿಲ್ಲ.’

‘ಬಾಗಿಲಿಗೆ ಚಿಲಕ ಇದೆಯಾ? ಹಾಲಿನಲ್ಲಿ ಯಾರು ಮಲಗ್ತಾರೆ?’

ಕೇಳಿದಾಗ ಗೊತ್ತಾಗುತ್ತೆ: ಒಂದೇ ರೂಮು, ಬಾಗಿಲಿನ ಆಚೆ ಅತ್ತೆಯ ಚಾಪೆ, ಚಿಲಕ ಹಾಕಿದರೆ ಇಡೀ ಮನೆಗೆ ಕೇಳುತ್ತೆ. ಹೆಂಡತಿ ಮೂರು ವರ್ಷದಿಂದ ಚಿಲಕ ಹಾಕಿಲ್ಲ. ಹೋಂವರ್ಕ್ ಎಲ್ಲಿಂದ ಆಗಬೇಕು? ಇಂಥ ಪ್ರಶ್ನೆ ಕೇಳುವುದನ್ನು ರೆಕಾರ್ಡ್ ಮಾಡಿದ ಪಾಠದಿಂದ ಕಲಿಯುವುದು ಕಷ್ಟ. ನಿಮ್ಮ ಕೇಸನ್ನು ವಾರವಾರವೂ ಬಿಚ್ಚಿ ನೋಡಿ, ‘ಇದನ್ನು ಯಾಕೆ ಕೇಳಲಿಲ್ಲ’ ಅನ್ನುವ ಒಬ್ಬರು ಎದುರಿಗೆ ಬೇಕು. ಎರಡನೇ ಹಂತದ ತರಬೇತಿ ಅಂದರೆ ಮುಖ್ಯವಾಗಿ ಇದೇ.

ಕೇಳಬೇಕಾದ್ದನ್ನು ಕೇಳಲಾಗದಂತೆ ತಡೆಯುವುದು ಬಹಳ ಸಲ ನಮ್ಮದೇ ಸಂಕೋಚ. ಅಮೆರಿಕದಲ್ಲಿ ಸೆಕ್ಸ್ ಥೆರಪಿಸ್ಟ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಎಎಎಸ್‌ಇಸಿಟಿ ಅನ್ನುವ ಸಂಸ್ಥೆ, ಓದು ಮತ್ತು ಸೂಪರ್‌ವಿಷನ್ ಜೊತೆಗೆ ಇನ್ನೊಂದು ಕಾರ್ಯಾಗಾರವನ್ನೂ ಕಡ್ಡಾಯ ಮಾಡಿದೆ. ಹಸ್ತಮೈಥುನ, ಸಲಿಂಗ ಪ್ರೀತಿ, ವಯಸ್ಸಾದವರ ಲೈಂಗಿಕತೆ ಇಂಥ ವಿಷಯಗಳಲ್ಲಿ ನಿಮಗೆ ಎಲ್ಲಿ ಮುಜುಗರ, ಎಲ್ಲಿ ಅಸಹ್ಯ ಅಂತ ನೀವೇ ಕಂಡುಕೊಳ್ಳುವುದು ಅದರ ಉದ್ದೇಶ. ನಮ್ಮಲ್ಲಿ ಇದು ಇನ್ನೂ ಜಾಸ್ತಿ ಬೇಕು ಅಲ್ವಾ? ‘ಧಾತು ಹೋಗ್ತಿದೆ, ಅದಕ್ಕೇ ಸುಸ್ತು’ ಅಂತ ಬರುವ ಹುಡುಗನನ್ನೇ ತೆಗೆದುಕೊಳ್ಳಿ. ವೀರ್ಯ ಹೋಗಿ ಸುಸ್ತಾಗುತ್ತೆ ಅನ್ನುವ ಈ ಭಯಕ್ಕೆ 1960ರಲ್ಲಿ ಮನೋವೈದ್ಯ ಡಾ. ಎನ್.ಎನ್. ವಿಗ್ ‘ಧಾತ್ ಸಿಂಡ್ರೋಮ್’ ಅಂತ ಹೆಸರಿಟ್ಟರು. ನೀವು ನಕ್ಕರೆ, ‘ಅದೆಲ್ಲ ಏನೂ ಆಗಲ್ಲ ಹೋಗಪ್ಪ’ ಅಂದರೆ, ಅವನು ನೇರ ಹೋಗುವುದು ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ‘ಗುಪ್ತರೋಗ ತಜ್ಞ’ ಅಂತ ಬರೆಸಿಕೊಂಡವರ ಹತ್ತಿರ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಗೋಡೆಗಳಿಗೆ ಅದು ಇನ್ನೂ ಗೊತ್ತಾಗಿಲ್ಲ.

ವೈದ್ಯಕೀಯ ಜ್ಞಾನವೂ ಬೇಕು, ಔಷಧಿ ಬರೆಯುವುದಕ್ಕಲ್ಲ, ಯಾವಾಗ ಡಾಕ್ಟರ್ ಹತ್ತಿರ ಕಳಿಸಬೇಕು ಅಂತ ತಿಳಿಯುವುದಕ್ಕೆ. ನಿಮಿರುವಿಕೆಯ ತೊಂದರೆಯ ಹಿಂದೆ ಸಕ್ಕರೆ ಕಾಯಿಲೆ ಇರಬಹುದು. ಕೆಲವರಲ್ಲಿ ಅದು ಹೃದಯದ ತೊಂದರೆಯ ಮೊದಲ ಸೂಚನೆಯೂ ಆಗಿರುತ್ತೆ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು ಹಲವರಲ್ಲಿ ಲೈಂಗಿಕ ಆಸಕ್ತಿ ಕಡಿಮೆ ಮಾಡುತ್ತವೆ, ಸ್ಖಲನ ತಡ ಮಾಡುತ್ತವೆ. ಇದನ್ನು ತಿಳಿಯದೆ ತಿಂಗಳುಗಟ್ಟಲೆ ‘ಬಾಂಧವ್ಯ’ದ ಬಗ್ಗೆ ಮಾತಾಡಿಸುವುದು ಅನ್ಯಾಯ. ಹಾಗೆಯೇ ಕಾನೂನು. ಹದಿನೆಂಟು ತುಂಬದವರ ಮೇಲಿನ ಲೈಂಗಿಕ ಅಪರಾಧ ಗೊತ್ತಾದರೆ ಪೋಕ್ಸೊ ಪ್ರಕಾರ ವರದಿ ಮಾಡಲೇಬೇಕು. ‘ಮಗನ ಸಲಿಂಗ ಆಕರ್ಷಣೆ ಬದಲಾಯಿಸಿಕೊಡಿ’ ಅಂತ ಅಪ್ಪ-ಅಮ್ಮ ಬಂದರೆ ಆ ಕೇಸ್ ಒಪ್ಪಿಕೊಳ್ಳುವಂತಿಲ್ಲ. ಅದನ್ನು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೈದ್ಯರಿಗೆ ಹೇಳಿದೆ, ನಮಗೂ ಅದೇ ಅಳತೆ ಇರಬೇಕು. ಇನ್ನೊಂದು ಮಾತು, ಮನೆಯವರು ಹೇಗಿದ್ದರೂ ಕೇಳುತ್ತಾರೆ: ಕ್ಲಿನಿಕ್‌ನಲ್ಲಿ ಈ ಚಿಕಿತ್ಸೆ ಪೂರ್ತಿ ಮಾತಿನಲ್ಲೇ ನಡೆಯುತ್ತೆ. ಥೆರಪಿಸ್ಟ್ ಯಾರನ್ನೂ ಮುಟ್ಟುವುದಿಲ್ಲ, ಯಾರೂ ಬಟ್ಟೆ ಬಿಚ್ಚುವುದಿಲ್ಲ.

ವಿದೇಶದಲ್ಲಿ ಓದುವ ಆಸೆ ಇದ್ದರೆ ಬ್ರಿಟನ್‌ನಲ್ಲಿ ಈ ಹೆಸರಿನ ಪಿ.ಜಿ. ಡಿಪ್ಲೊಮಾಗಳೇ ಇವೆ. ಲಂಡನ್‌ನ ಟ್ಯಾವಿಸ್ಟಾಕ್ ರಿಲೇಶನ್‌ಶಿಪ್ಸ್ ಅದಕ್ಕೆ ಹೆಸರುವಾಸಿ. ಕೋರ್ಸ್‌ಗೆ ಸಿಒಎಸ್‌ಆರ್‌ಟಿ ಮಾನ್ಯತೆ ಇದೆಯಾ ಅಂತ ನೋಡಿ, ಅದು ಅಲ್ಲಿನ ಲೈಂಗಿಕ ಮತ್ತು ದಾಂಪತ್ಯ ಚಿಕಿತ್ಸಕರ ಸಂಸ್ಥೆ. ವೈದ್ಯರಿಗಾದರೆ 1974ರಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಆಫ್ ಸೈಕೋಸೆಕ್ಷುಯಲ್ ಮೆಡಿಸಿನ್ ಇದೆ. ತಮಾಷೆ ಅಂದರೆ ಅಲ್ಲೂ ‘ಸೈಕೋಸೆಕ್ಷುಯಲ್ ಥೆರಪಿಸ್ಟ್’ ಅನ್ನುವ ಹೆಸರಿಗೆ ಕಾನೂನಿನ ರಕ್ಷಣೆ ಇಲ್ಲ. ಅಲ್ಲಿ ಓದಿ ಬಂದರೂ ಇಲ್ಲಿ ಆರ್‌ಸಿಐ ನೋಂದಣಿ ತಾನಾಗಿ ಸಿಗುವುದಿಲ್ಲ. ಫೀಸಿಗೆ ಸಾಲ ಮಾಡುವ ಮೊದಲು ಇದನ್ನು ಯೋಚಿಸಿ.

ಅಲ್ಲಿಯವರೆಗೆ ಎದುರಿಗೆ ಕೂತ ದಂಪತಿಗೆ ಏನು ಮಾಡುವುದು? ಜ್ಯಾಕ್ ಆ್ಯನನ್ ಎಂಬ ಅಮೆರಿಕದ ಮನೋವಿಜ್ಞಾನಿ 1970ರ ದಶಕದಲ್ಲಿ ಒಂದು ಏಣಿ ಹಾಕಿಕೊಟ್ಟರು, ‘ಪ್ಲಿಸಿಟ್’ ಅಂತ. ಮೊದಲ ಮೆಟ್ಟಿಲು ಮಾತಾಡಲು ಒಪ್ಪಿಗೆ ಕೊಡುವುದು. ಎರಡನೆಯದು ಬೇಕಾದಷ್ಟು ಮಾಹಿತಿ. ಮೂರನೆಯದು ಅವರಿಗೇ ಹೊಂದುವ ಸಲಹೆ. ನಾಲ್ಕನೆಯದು ದೀರ್ಘ ಚಿಕಿತ್ಸೆ. ಮೊದಲ ಎರಡನ್ನು ನೀವು ಈಗಲೇ ಮಾಡಬಹುದು. ‘ಇಂಥ ಜಗಳದಲ್ಲಿ ಲೈಂಗಿಕ ಜೀವನಕ್ಕೂ ತೊಂದರೆ ಆಗಿರುತ್ತೆ, ನಿಮಗೆ ಹೇಗಿದೆ?’ ಅಂತ ಇಬ್ಬರನ್ನೂ, ಬೇರೆ ಬೇರೆಯಾಗಿ ಕೂರಿಸಿ, ಕೇಳಿ. ಮೂರನೇ ಮೆಟ್ಟಿಲಿಗೆ ಕಾಲಿಡುವ ಮೊದಲು ಕಳಿಸಿಕೊಡಿ. ಕಳಿಸಲು ಜನ ಬೇಕಲ್ಲ, ಈ ತಿಂಗಳೇ ನಿಮ್ಮ ಊರಿನ ಒಬ್ಬ ಸ್ತ್ರೀರೋಗ ತಜ್ಞೆ, ಒಬ್ಬ ಯೂರಾಲಜಿಸ್ಟ್, ಒಬ್ಬ ಸೈಕಿಯಾಟ್ರಿಸ್ಟ್ ಪರಿಚಯ ಮಾಡಿಕೊಳ್ಳಿ. ಆ ಆನ್‌ಲೈನ್ ಡಿಪ್ಲೊಮಾ ಮಾಡಲೇಬೇಕು ಅನಿಸಿದರೆ ಮಾಡಿ, ಓದಿದ ಹಾಗಾಗುತ್ತೆ. ಆದರೆ ದುಡ್ಡು ಕಟ್ಟುವ ಮೊದಲು ಅವರಿಗೆ ಫೋನ್ ಮಾಡಿ, ನನ್ನ ಕೇಸ್‌ಗಳನ್ನು ಯಾರು, ಎಷ್ಟು ಗಂಟೆ ಸೂಪರ್‌ವೈಸ್ ಮಾಡುತ್ತಾರೆ, ಅವರ ಸ್ವಂತ ನೋಂದಣಿ ಸಂಖ್ಯೆ ಏನು ಅಂತ ಕೇಳಿ.