ಪದ ಪರಿಚಯ: ಟೆಲಿಕಾಂ ಸರ್ಕಲ್

ನಿಪ್ಪಾಣಿಯಲ್ಲಿ ರಿಚಾರ್ಜ್ ಮಾಡಿಸಲು ಹೋದರೆ ಅಂಗಡಿಯವರು ಮೊದಲು ಕಂಪನಿ ಯಾವುದು ಅಂತ ಕೇಳುತ್ತಾರೆ, ಅದರ ಬೆನ್ನಿಗೇ "ಕರ್ನಾಟಕ ಐತೇನ್ರೀ, ಮಹಾರಾಷ್ಟ್ರ?" ಅನ್ನುತ್ತಾರೆ. ಬೆಂಗಳೂರಿನವರಿಗೆ, ಅಷ್ಟೇಕೆ, ಗಡಿಯಿಂದ ಒಳಗಿರುವ ಬಾಗಲಕೋಟೆಯವರಿಗೂ ಈ ಎರಡನೆಯ ಪ್ರಶ್ನೆ ಹೊಸದು. ಚಿಕ್ಕೋಡಿ, ಕಾಗವಾಡ, ಅಥಣಿ, ಇಂಡಿ, ಚಡಚಣ ಕಡೆಯವರಿಗೆ ದಿನನಿತ್ಯದ ಮಾತು. ಇಲ್ಲಿನ ಎಷ್ಟೋ ಮಂದಿ ಫೋನು ಕೊಳ್ಳುವುದು ಮೀರಜಿನಲ್ಲೋ ಕೊಲ್ಹಾಪುರದಲ್ಲೋ ಸೊಲ್ಲಾಪುರದಲ್ಲೋ; ಸಿಮ್ಮೂ ಅಲ್ಲಿಯದೇ. ಅಂಗಡಿಯವರು ಕೇಳುತ್ತಿರುವುದು ಆ ಸಿಮ್ಮಿನ ಸರ್ಕಲ್. ತಪ್ಪು ಸರ್ಕಲ್ ಒತ್ತಿದರೆ ರಿಚಾರ್ಜ್ ಫೇಲಾಗಿ ರೊಕ್ಕ ವಾಪಸ್ ಬರುವ ದಾರಿ ಕಾಯಬೇಕಾಗಬಹುದು.

ಮೊಬೈಲ್ ಸೇವೆಗೆಂದು ಕೇಂದ್ರ ಸರ್ಕಾರ ದೇಶವನ್ನು 22 ಭಾಗ ಮಾಡಿದೆ. ಒಂದೊಂದು ಭಾಗವೂ ಒಂದು ಸರ್ಕಲ್. ಕಂಪನಿಗೆ ತರಂಗಾಂತರ (ಸಿಗ್ನಲ್ ಸಾಗುವ ರೇಡಿಯೋ ಅಲೆಗಳ ಪಾಲು), ನಂಬರುಗಳ ಸರಣಿ ಎಲ್ಲ ಸಿಗುವುದು ಸರ್ಕಲ್ ಲೆಕ್ಕದಲ್ಲೇ. ಸರ್ಕಲ್ ಎಂದರೆ ರಾಜ್ಯ ಅಂದುಕೊಂಡರೆ ಕರ್ನಾಟಕದ ಮಟ್ಟಿಗೆ ತಪ್ಪಿಲ್ಲ, ಬೀದರಿನಿಂದ ಚಾಮರಾಜನಗರದವರೆಗೂ ಒಂದೇ. ಎಲ್ಲ ಕಡೆಯೂ ಈ ಲೆಕ್ಕ ಕೂಡಿಬರುವುದಿಲ್ಲ. ತೆಲಂಗಾಣ 2014ರಲ್ಲಿ ಬೇರೆ ರಾಜ್ಯವಾದರೂ ಆಂಧ್ರ ಸರ್ಕಲ್‌ನೊಳಗೇ ಉಳಿದಿದೆ. ಮುಂಬೈ ಮಹಾರಾಷ್ಟ್ರದ ರಾಜಧಾನಿ, ಆದರೆ ಅದರ ಸರ್ಕಲ್ ಪ್ರತ್ಯೇಕ. ಗೋವಾಕ್ಕೆ ಸ್ವಂತ ಸರ್ಕಲ್ಲೇ ಇಲ್ಲ, ಅದು ಮಹಾರಾಷ್ಟ್ರದ ಜೊತೆ ಸೇರಿದೆ. ಹಾಗಾಗಿ ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ಪಣಜಿ ಸೇರಿದವರ ಫೋನೂ, ನಿಪ್ಪಾಣಿ ದಾಟಿ ಕೊಲ್ಹಾಪುರ ಸೇರಿದವರ ಫೋನೂ ಹಿಡಿಯುವುದು ಒಂದೇ ಸರ್ಕಲ್.

ಹಿಂದೆ ನಂಬರಿನ ಮೊದಲ ಐದು ಅಂಕಿ ನೋಡಿದರೆ ಕಂಪನಿ, ಸರ್ಕಲ್ ಎರಡೂ ತಿಳಿಯುತ್ತಿದ್ದವು. 94480 ಅಂದರೆ ಕರ್ನಾಟಕದ ಬಿಎಸ್ಸೆನ್ನೆಲ್, 98450 ಅಂದರೆ ಕರ್ನಾಟಕದ ಏರ್‌ಟೆಲ್. 2011ರ ಜನವರಿ 20ರಂದು ನಂಬರ್ ಪೋರ್ಟ್ ಸೌಲಭ್ಯ, ಅಂದರೆ ನಂಬರು ಅದೇ ಇಟ್ಟುಕೊಂಡು ಕಂಪನಿ ಬದಲಿಸುವ ಅವಕಾಶ, ದೇಶವಿಡೀ ಬಂತು, ಕಂಪನಿಯ ಗುರುತು ಹೋಯಿತು. ಆಗಲೂ ಸರ್ಕಲ್ ದಾಟಲು ಆಗುತ್ತಿರಲಿಲ್ಲ. 2015ರ ಜುಲೈ 3ರಿಂದ ಅದೂ ಸಾಧ್ಯವಾಯಿತು.

ಸರ್ಕಲ್ ಎಂಬುದು ಬರೀ ಕಾಗದದ ಗೆರೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ನಿಮ್ಮ ಮನೆಯಲ್ಲಿ ಇಂಟರ್ನೆಟ್ ಓಡುತ್ತದೋ ಇಲ್ಲವೋ ಎನ್ನುವುದರ ಬೇರು ತರಂಗಾಂತರ ಹರಾಜಿನಲ್ಲಿದೆ, ಆ ಹರಾಜು ನಡೆಯುವುದು ಸರ್ಕಲ್‌ಗೊಂದರಂತೆ. 2010ರ 3ಜಿ ಹರಾಜು ಇದಕ್ಕೆ ತಕ್ಕ ಉದಾಹರಣೆ. ಯಾವ ಖಾಸಗಿ ಕಂಪನಿಗೂ 22 ಸರ್ಕಲ್‌ಗಳು ದಕ್ಕಲಿಲ್ಲ. ಕರ್ನಾಟಕದಲ್ಲಿ ಗೆದ್ದವರು ಏರ್‌ಟೆಲ್, ಏರ್‌ಸೆಲ್, ಟಾಟಾ. ಮಹಾರಾಷ್ಟ್ರದಲ್ಲಿ ಗೆದ್ದವರು ಐಡಿಯಾ, ವೊಡಾಫೋನ್, ಟಾಟಾ. ಅಂದರೆ ನಿಪ್ಪಾಣಿಯಲ್ಲಿ ಸ್ವಂತ 3ಜಿ ಇದ್ದ ಏರ್‌ಟೆಲ್‌ಗೆ ಗಡಿಯಾಚೆ ಮಹಾರಾಷ್ಟ್ರದ ಕಾಗಲ್‌ನಲ್ಲಿ ಇರಲಿಲ್ಲ. ಕಾಗಲ್‌ನಲ್ಲಿದ್ದ ಐಡಿಯಾ, ವೊಡಾಫೋನ್‌ಗೆ ನಿಪ್ಪಾಣಿಯಲ್ಲಿ ಇರಲಿಲ್ಲ. ಏರ್‌ಟೆಲ್, ವೊಡಾಫೋನ್, ಐಡಿಯಾ ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡು ಒಬ್ಬರ ಟವರನ್ನು ಇನ್ನೊಬ್ಬರು ಬಳಸಿದರು. ದೂರಸಂಪರ್ಕ ಇಲಾಖೆ ಅದು ನಿಯಮಬಾಹಿರ ಎಂದಿತು. 2014ರಲ್ಲಿ ದೂರಸಂಪರ್ಕ ವ್ಯಾಜ್ಯಗಳ ನ್ಯಾಯಮಂಡಳಿ ಟಿಡಿಸ್ಯಾಟ್ ಕಂಪನಿಗಳ ಪರ ತೀರ್ಪು ಕೊಟ್ಟಿತು. ಅದೇ 2010ರಲ್ಲಿ ಬ್ರಾಡ್‌ಬ್ಯಾಂಡ್ ತರಂಗಾಂತರದ ಹರಾಜೂ ಆಯಿತು. ಅದರಲ್ಲಿ ಎಲ್ಲ 22 ಸರ್ಕಲ್ ಗೆದ್ದ ಒಂದೇ ಕಂಪನಿ ಇನ್ಫೋಟೆಲ್. ರಿಲಯನ್ಸ್ ಅದನ್ನು ಕೊಂಡಿತು. 2016ರ ಸೆಪ್ಟೆಂಬರ್ 5ರಂದು ಶುರುವಾದ ಜಿಯೋ ಅದರ ಮೇಲೇ ಎದ್ದು ನಿಂತದ್ದು.

ಇದನ್ನು ತಿಳಿದ ಮೇಲೆ "ಯಾವ ನೆಟ್‌ವರ್ಕ್ ಚಲೋ?" ಎಂಬ ಪ್ರಶ್ನೆಗೆ ಪುಣೆಯಲ್ಲಿ ಕೆಲಸ ಮಾಡುವ ಮಗನ ಉತ್ತರವನ್ನು ವಿಜಯಪುರದ ಮನೆಗೆ ಹಾಗೇ ತಂದು ಹಚ್ಚಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಂಪನಿಯ ಹೆಸರು ಒಂದೇ, ಜಾಹೀರಾತು ಒಂದೇ. ಅದರ ಕೈಯಲ್ಲಿರುವ ತರಂಗಾಂತರ ಮಾತ್ರ ಅಲ್ಲಿ ಒಂದಿರುತ್ತದೆ, ಇಲ್ಲಿ ಒಂದಿರುತ್ತದೆ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗ ಪಟ್ಟಿಗಳು (ಬ್ಯಾಂಡ್) ದೂರ ಹೋಗುತ್ತವೆ, ಗೋಡೆ ದಾಟುತ್ತವೆ. 2300, 3300ರಂಥ ಮೇಲಿನವು ವೇಗ ಹೆಚ್ಚು ಕೊಡುತ್ತವೆ, ದೂರ ಹೋಗುವುದಿಲ್ಲ. ಕಬ್ಬಿನ ಹೊಲದ ನಡುವೆ ತೋಟದ ಮನೆ ಇದ್ದವರು ವೇಗದ ಜಾಹೀರಾತು ನೋಡಿ ಸಿಮ್ ತಂದರೆ ಬಾಗಿಲ ಹೊರಗೆ ನಿಂತು ಮಾತಾಡಬೇಕಾಗುತ್ತದೆ.

ಗಡಿಗೆ ಹತ್ತಿದಂತೆ ಇನ್ನೊಂದು ತೊಡಕು. ಕರ್ನಾಟಕದಲ್ಲಿ ಒಂದು ಕಂಪನಿ ಕೊಂಡ ತರಂಗಾಂತರದ ತುಂಡು ಮಹಾರಾಷ್ಟ್ರದಲ್ಲಿ ಬೇರೆ ಕಂಪನಿಯದಾಗಿರಬಹುದು. ಎರಡೂ ಪೂರ್ತಿ ಜೋರಿನಲ್ಲಿ ಬಿಟ್ಟರೆ ಒಂದಕ್ಕೊಂದು ತಾಗಿ ಇಬ್ಬರ ಗಿರಾಕಿಗಳಿಗೂ ತೊಂದರೆ. ಅದಕ್ಕೆ ಗಡಿಯ ಟವರುಗಳ ಶಕ್ತಿ ತಗ್ಗಿಸಬೇಕು, ಆಂಟೆನಾದ ಮುಖವನ್ನು ಒಳಕ್ಕೆ ತಿರುಗಿಸಬೇಕು. ಸೊಲ್ಲಾಪುರ ರಸ್ತೆಯಲ್ಲಿ ಝಳಕಿ ದಾಟಿ ಭೀಮಾ ತೀರದ ಧೂಳಖೇಡದ ಕಡೆ ಹೋಗುವಾಗ ಸಿಗ್ನಲ್ ಕಡ್ಡಿಗಳು ಏರಿಳಿದರೆ ಟವರಿನ ದೂರದ ಜೊತೆ ಇದೂ ಒಂದು ಕಾರಣ ಇರಬಹುದು.

ಕಾಗವಾಡ ಕಡೆ ನಮ್ಮ ಸೋದರಮಾವನ ಮನೆ. ಅಡುಗೆಮನೆಯಲ್ಲಿ ಕರ್ನಾಟಕದ ಟವರ್ ಹಿಡಿಯುವ ಫೋನು ಮಾಳಿಗೆ ಹತ್ತಿದರೆ ಮಹಾರಾಷ್ಟ್ರದ್ದು ಹಿಡಿಯುತ್ತದೆ. ಈಗ ಅದರಿಂದ ರೊಕ್ಕ ಹೋಗುವುದಿಲ್ಲ. ಮೊದಲು ಹೋಗುತ್ತಿತ್ತು. ಸರ್ಕಲ್ ದಾಟಿದರೆ ರೋಮಿಂಗ್, ಬಂದ ಕರೆ ಎತ್ತಿದರೂ ಕಾಸು. 2007ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಹಾಕಿದ ಮಿತಿಯಂತೆ ಒಳಬರುವ ಕರೆಗೆ ನಿಮಿಷಕ್ಕೆ 1 ರೂಪಾಯಿ 75 ಪೈಸೆವರೆಗೆ ತೆಗೆದುಕೊಳ್ಳಬಹುದಿತ್ತು. 2013ರಲ್ಲಿ ಅದು 75 ಪೈಸೆಗೆ, 2015ರಲ್ಲಿ 45 ಪೈಸೆಗೆ ಇಳಿಯಿತು. "ಮನ್ಯಾಗ ಕುಂತ್ರೂ ರೋಮಿಂಗ್ ಅಂತಾರಲ್ಲೋ, ನಾವೇನ್ ಊರ ಬಿಟ್ಟ ಹೋಗೀವೇನು?" ಅಂತ ಮಾವ ಕಸ್ಟಮರ್ ಕೇರ್‌ನವರೊಡನೆ ಜಗಳಾಡುತ್ತಿದ್ದರು. ಅವರ ಮಾತು ನ್ಯಾಯದ್ದೇ. ಗಡಿಯ ಜನ ತಾವು ಎಲ್ಲೂ ಹೋಗದೆ ಪ್ರಯಾಣದ ಸುಂಕ ತೆತ್ತರು, ಅದನ್ನು ಯಾರೂ ಲೆಕ್ಕ ಹಾಕಿ ವಾಪಸ್ ಕೊಡಲಿಲ್ಲ. 2015ರ ಜೂನ್ 15ರಿಂದ ಬಿಎಸ್ಸೆನ್ನೆಲ್ ರೋಮಿಂಗ್‌ನಲ್ಲಿ ಒಳಬರುವ ಕರೆ ಉಚಿತ ಮಾಡಿತು. ಜಿಯೋ ಬಂದ ಮೇಲೆ ಉಳಿದವರೂ ಕೈಬಿಟ್ಟರು.

ಸುಂಕ ಹೋಯಿತು, ರೋಮಿಂಗ್ ಹೋಗಲಿಲ್ಲ. ಫೋನಿನ ಒಳಗಡೆ ಅದು ಇಂದಿಗೂ ನಡೆಯುತ್ತಿದೆ. ಪ್ರತಿ ಸರ್ಕಲ್‌ನ ಜಾಲಕ್ಕೂ ಒಂದು ಅಂಕಿ ಇದೆ: ಏರ್‌ಟೆಲ್ ಕರ್ನಾಟಕ 404-45, ಏರ್‌ಟೆಲ್ ಮಹಾರಾಷ್ಟ್ರ 404-90. ಪರದೆಯ ಮೇಲೆ ಎರಡಕ್ಕೂ ಒಂದೇ ಹೆಸರು ಕಂಡರೂ ಫೋನಿಗೆ ಅವು ಎರಡು ಜಾಲ. ಕೆಲವು ಫೋನುಗಳಲ್ಲಿ ಸಿಗ್ನಲ್ ಪಕ್ಕ ‘ಆರ್’ ಅಕ್ಷರ ಮೂಡುತ್ತದೆ. ಡೇಟಾ ರೋಮಿಂಗ್ ಆಫ್ ಇದ್ದರೆ ಕರೆ ಹೋಗುತ್ತದೆ, ಇಂಟರ್ನೆಟ್ ನಿಲ್ಲಬಹುದು. ಸೊಸೈಟಿಯಲ್ಲಿ, ಪಂಚಾಯಿತಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಕಂಪ್ಯೂಟರ್ ನಡೆಸುವವರು "ಸರ್ವರ್ ಡೌನ್ ಐತ್ರೀ" ಅನ್ನುವ ಮೊದಲು ಇದನ್ನೊಮ್ಮೆ ನೋಡಿದರೆ ಹೊರಗೆ ಪಾಳಿ ಹಚ್ಚಿ ನಿಂತವರ ಅರ್ಧ ದಿನ ಉಳಿಯಬಹುದು. ಇನ್ನೊಂದು ಸಂಗತಿ: ಒಮ್ಮೆ ಪರ ಸರ್ಕಲ್ ಹಿಡಿದ ಫೋನು ತನ್ನ ಜಾಲ ಮತ್ತೆ ಸಿಕ್ಕಿತೇ ಅಂತ ಪ್ರತಿ ಕ್ಷಣ ಹುಡುಕುವುದಿಲ್ಲ, ನಿಗದಿತ ಹೊತ್ತಿಗೊಮ್ಮೆ ಮಾತ್ರ ಹುಡುಕುತ್ತದೆ. ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ಹೊಸದಾಗಿ ಹುಡುಕುತ್ತದೆ.

ಆದ್ದರಿಂದ ಗಡಿ ಊರಿನವರು ಸಿಟ್ಟಿನಲ್ಲಿ ಪೋರ್ಟ್ ಹಾಕುವ ಮೊದಲು ತೊಂದರೆ ಕಂಪನಿಯದೋ ಸರ್ಕಲ್‌ನದೋ ನೋಡಿಕೊಳ್ಳಬೇಕು. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ ಯಾವ ಅಂಕಿಯ ಜಾಲ ಹಿಡಿದಿದೆ ಎಂದು ಕಾಣುತ್ತದೆ. ಪರ ಸರ್ಕಲ್ ಹಿಡಿಯುತ್ತಿದ್ದರೆ ಸೆಟ್ಟಿಂಗ್‌ನಲ್ಲಿ ಜಾಲವನ್ನು ಕೈಯಿಂದ ಆರಿಸಿ ನೋಡಬಹುದು. ತನ್ನ ಸರ್ಕಲ್‌ನಲ್ಲೇ ಇದ್ದೂ ನಡೆಯದಿದ್ದರೆ ಆಗ ಪೋರ್ಟ್ ಸರಿ: 1900ಕ್ಕೆ ಸಂದೇಶ ಕಳಿಸಿದರೆ ಕೋಡ್ ಬರುತ್ತದೆ, ನಮ್ಮ ಕಡೆ ಅದರ ಆಯುಷ್ಯ ನಾಲ್ಕು ದಿನ. 2019ರ ಡಿಸೆಂಬರ್ 16ರಿಂದ ಜಾರಿಯಲ್ಲಿರುವ ನಿಯಮದಂತೆ ಸರ್ಕಲ್ ಒಳಗಿನ ಪೋರ್ಟ್‌ಗೆ ಮೂರು ಕೆಲಸದ ದಿನ, ಸರ್ಕಲ್ ದಾಟಿದರೆ ಐದು. ಹೊಸ ಕಂಪನಿ ಆರಿಸುವಾಗ ಅದರ ವೆಬ್‌ಸೈಟಿನ ವ್ಯಾಪ್ತಿ ನಕಾಶೆ ತೆರೆದು ನಿಮ್ಮ ಓಣಿಯವರೆಗೆ ಹಿಗ್ಗಿಸಿ ನೋಡಿ. ಟ್ರಾಯ್ 2024ರ ಗುಣಮಟ್ಟದ ನಿಯಮಗಳಲ್ಲಿ ಈ ನಕಾಶೆ ಪ್ರಕಟಿಸುವುದನ್ನು ಕಡ್ಡಾಯ ಮಾಡಿದೆ. ಎರಡು ಸಿಮ್ಮಿನ ಫೋನು ಇದ್ದವರು ಬೇರೆಬೇರೆ ಕಂಪನಿಯದು ಇಟ್ಟುಕೊಳ್ಳುವುದು ಒಳ್ಳೆಯದು, ಗಡಿಯಲ್ಲಾದರೆ ಒಂದು ಈ ಸರ್ಕಲ್‌ನದು, ಒಂದು ಆ ಸರ್ಕಲ್‌ನದು. ಯಾವುದು ಯಾವ ಸರ್ಕಲ್‌ನದು ಅಂತ ಫೋನಿನ ಸಿಮ್ ಹೆಸರಿನ ಜಾಗದಲ್ಲೇ ಬರೆದಿಟ್ಟರೆ ಮನೆಯ ಹಿರಿಯರಿಗೆ ರಿಚಾರ್ಜ್ ಮಾಡಿಸುವಾಗ ಗೊಂದಲವಾಗುವುದಿಲ್ಲ.